ಐದು ಜನರ ಪ್ರಾಜೆಕ್ಟ್, ಆರು ವಾರ ಬಾಕಿ, ರಿಪೋರ್ಟ್ ಇನ್ನೂ ಖಾಲಿ: ಎಲ್ಲಿಂದ ಶುರು ಮಾಡಲಿ?

ಕೊನೆಯ ವರ್ಷ

ಎಲ್ಲರಿಗೂ ನಮಸ್ಕಾರ. ತುಂಬಾ ತಲೆಬಿಸಿಯಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊನೆಯ ವರ್ಷದ ಪ್ರಾಜೆಕ್ಟ್, ಐದು ಜನರ ಗುಂಪು. ಕುಂಡದ ಮಣ್ಣಿನಲ್ಲಿ ತೇವ ಎಷ್ಟಿದೆ ಅಂತ ಸೆನ್ಸರ್ ಅಳೆಯಬೇಕು, ಒಣಗಿದ್ದರೆ ಪಂಪ್ ತಾನಾಗೇ ನೀರು ಬಿಡಬೇಕು. ಇಷ್ಟೇ ವಿಷಯ. ಲೀಡರ್ ನಾನೇ. ಸೆನ್ಸರ್ ಕೆಲಸ ಒಬ್ಬರದು, ಕೋಡ್ ಇನ್ನೊಬ್ಬರದು. ಸಾಮಾನು ತರೋದು, ಜೋಡಿಸೋದು ನನ್ನದು. ಉಳಿದ ಇಬ್ಬರು ಏನೂ ಮಾಡುತ್ತಿಲ್ಲ. ಗ್ರೂಪ್‌ನಲ್ಲಿ ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ರಿಪೋರ್ಟ್‌ನಲ್ಲಿ ಮುಖಪುಟ ಬಿಟ್ಟರೆ ಒಂದು ಸಾಲೂ ಇಲ್ಲ.

ಜಗಳ ಆಡಲು ಮನಸ್ಸಿಲ್ಲ. ಇಬ್ಬರೂ ಮೂರು ವರ್ಷದಿಂದ ಸ್ನೇಹಿತರು. ಹಾಗಂತ ರಾತ್ರಿಯೆಲ್ಲ ಕೂತು ನಾನೊಬ್ಬನೇ ಬರೆದು ಐವರ ಹೆಸರು ಹಾಕೋದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಗೈಡ್ ಮೇಡಂ

ಮೊದಲು ಒಂದು ಪ್ರಶ್ನೆ. ಆ ಇಬ್ಬರಿಗೆ ಕೆಲಸ ಹಂಚುವಾಗ ಯಾವ ಮಾತು ಹೇಳಿದಿರಿ? ನೆನಪಿದ್ದಷ್ಟು ಹಾಗೇ ಬರೆಯಿರಿ.

ಕೊನೆಯ ವರ್ಷ

‘ನೀವಿಬ್ಬರೂ ರಿಪೋರ್ಟ್ ನೋಡಿಕೊಳ್ಳಿ’ ಅಂದಿದ್ದೆ ಮೇಡಂ.

ಗೈಡ್ ಮೇಡಂ

ಅಲ್ಲೇ ಇದೆ ತೊಂದರೆ. ‘ನೋಡಿಕೊಳ್ಳಿ’ ಅನ್ನೋದು ಕೆಲಸವಲ್ಲ. ಅದನ್ನು ಕೇಳಿದವರಿಗೆ ಇವತ್ತು ಏನು ಮಾಡಬೇಕು ಅಂತ ಗೊತ್ತಾಗೋದಿಲ್ಲ. ಅದೂ ಇಬ್ಬರಿಗೆ ಒಟ್ಟಿಗೆ ಕೊಟ್ಟಿದ್ದೀರಿ. ಅವನು ಶುರು ಮಾಡಲಿ ಅಂತ ಇವನು, ಇವನು ಕರೆಯಲಿ ಅಂತ ಅವನು ಕಾಯುತ್ತಾ ಇರುತ್ತಾರೆ.

ಇದು ಬರೀ ನಿಮ್ಮ ಗುಂಪಿನ ಕಥೆ ಅಲ್ಲ. ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಅಂತ ಒಬ್ಬ ಫ್ರೆಂಚ್ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು, 1913ರಲ್ಲಿ ಅದನ್ನು ಪ್ರಕಟಿಸಿದರು. ಜನ ಹೆಚ್ಚಾದಂತೆ ಒಟ್ಟು ಬಲ ಏರುತ್ತದೆ, ಆದರೆ ತಲಾ ಎಷ್ಟು ಅಂತ ಲೆಕ್ಕ ಹಾಕಿದರೆ ಇಳಿಯುತ್ತಾ ಹೋಗುತ್ತದೆ. ಎಳೆಯುವವರ ತಾಳ ತಪ್ಪೋದು ಒಂದು ಕಾರಣ. ನನ್ನ ಪಾಲು ಕಾಣಿಸೋದಿಲ್ಲ ಅನ್ನೋದು ಇನ್ನೊಂದು. ಮುಂದೆ 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಜನರಿಂದ ಕೂಗಿಸಿ, ಚಪ್ಪಾಳೆ ತಟ್ಟಿಸಿ ನೋಡಿದಾಗಲೂ ಹೀಗೇ ಆಯಿತು. 1981ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಯಾರ ಸದ್ದು ಎಷ್ಟು ಅಂತ ಬೇರೆಬೇರೆಯಾಗಿ ಗೊತ್ತಾಗುತ್ತದೆ ಎಂದು ಜನರಿಗೆ ತಿಳಿದಾಗ ಆ ಸಡಿಲ ಹೋಯಿತು. ನಿಮ್ಮ ಗುಂಪಿಗೆ ಬೇಕಾಗಿರೋದು ಅಷ್ಟೇ. ಪ್ರತಿಯೊಬ್ಬರ ಕೆಲಸವೂ ಕಣ್ಣಿಗೆ ಕಾಣಬೇಕು.

ಹಾಗಾಗಿ ‘ರಿಪೋರ್ಟ್ ನೋಡಿಕೋ’ ಅನ್ನಬೇಡಿ. ‘ಶುಕ್ರವಾರ ಸಂಜೆಯೊಳಗೆ ಸೆನ್ಸರ್‌ನ ಚಿತ್ರ ಒಂದು ಹಾಳೆಯಲ್ಲಿ ಬಿಡಿಸು, ಯಾವ ತಂತಿ ಯಾವ ಪಿನ್ನಿಗೆ ಅಂತ ಬರೆ, ಫೋಟೊ ತೆಗೆದು ಫೋಲ್ಡರ್‌ಗೆ ಹಾಕು’ ಅನ್ನಿ. ಒಂದು ಹೆಸರು, ಒಂದು ವಸ್ತು, ಒಂದು ದಿನ. ವಸ್ತು ಅಂದರೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು. ‘ಓದಿಕೊಂಡೆ’, ‘ಯೋಚನೆ ಮಾಡಿದೆ’ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ.

ಮೂಲೆ ಬೆಂಚು

ನಾನು ಆ ‘ಉಳಿದ ಇಬ್ಬರ’ ಪೈಕಿ ಒಬ್ಬನಾಗಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಗುಂಪಿನಲ್ಲಿ ಎಲ್ಲ ತೀರ್ಮಾನವೂ ರಾತ್ರಿ ಹನ್ನೊಂದರ ಮೇಲೆ ಚಾಟ್‌ನಲ್ಲಿ ಆಗುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನೂರಾರು ಮೆಸೇಜ್. ಅರ್ಧ ಅರ್ಥವಾಗುತ್ತಿರಲಿಲ್ಲ. ಮೊದಲ ವಾರ ಕೇಳಿದ್ದರೆ ಯಾರಾದರೂ ಹೇಳಿಕೊಡುತ್ತಿದ್ದರು. ಮೂರನೇ ವಾರದಲ್ಲಿ ‘ಇಷ್ಟೂ ಗೊತ್ತಿಲ್ವಾ’ ಅಂದುಬಿಟ್ಟರೆ ಅಂತ ಭಯ. ಐದನೇ ವಾರಕ್ಕೆ ನನ್ನನ್ನು ಯಾರೂ ಕರೆಯುತ್ತಲೇ ಇರಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನ. ಒಳಗೆ ನನಗೆ ನಾಚಿಕೆ.

ಆಮೇಲೆ ಒಬ್ಬ ಗೆಳತಿ ಎರಡನೇ ಅಧ್ಯಾಯದ ಪ್ರಿಂಟ್ ಕೈಗೆ ಕೊಟ್ಟು, ‘ಇದನ್ನು ಓದಿ, ಅರ್ಥವಾಗದ ಪ್ರತಿ ಸಾಲಿನ ಕೆಳಗೂ ಗೆರೆ ಎಳಿ. ತಿದ್ದಬೇಡ, ಬರೀ ಗೆರೆ’ ಅಂದಳು. ನಲವತ್ತಕ್ಕಿಂತ ಜಾಸ್ತಿ ಗೆರೆ ಎಳೆದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ವಿವರಿಸಿದಳು, ನಾನು ಅದನ್ನೇ ನನ್ನ ಮಾತಿನಲ್ಲಿ ಬರೆದೆ. ಆ ಅಧ್ಯಾಯ ಕೊನೆಗೆ ನನ್ನದಾಯಿತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅದರ ಮೇಲೆ ಬಂದ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಕೊಟ್ಟೆ.

ಅವರಿಬ್ಬರನ್ನು ಬೇರೆಬೇರೆಯಾಗಿ ಮಾತಾಡಿಸಿ. ಗ್ರೂಪ್‌ನಲ್ಲಿ ಬೇಡ. ‘ಯಾಕೆ ಮಾಡಿಲ್ಲ’ ಅಂತ ಶುರು ಮಾಡಬೇಡಿ. ‘ಎಲ್ಲಿಯವರೆಗೆ ಅರ್ಥವಾಗಿದೆ’ ಅಂತ ಕೇಳಿ.

ಕೊನೆಯ ವರ್ಷ

ಇದನ್ನು ಎರಡು ಸಲ ಓದಿದೆ ಅಣ್ಣ. ನಮ್ಮ ಮಾತುಕತೆಯೂ ರಾತ್ರಿಯೇ ನಡೆಯೋದು. ನಾಳೆ ಇಬ್ಬರ ಹತ್ತಿರವೂ ಮಾತಾಡುತ್ತೇನೆ.

ಲ್ಯಾಬ್ ಕಿಟಕಿ

ನನ್ನದು ಬೇರೆ ಅಭಿಪ್ರಾಯ. ಪ್ರಾಜೆಕ್ಟೇ ಓಡದೆ ರಿಪೋರ್ಟ್ ಬರೆಯೋದು ಏನನ್ನು? ಮೊದಲು ಯಂತ್ರ ಮುಗಿಸಿ, ಕೊನೆಯ ಹತ್ತು ದಿನ ಐದೂ ಜನ ಕೂತು ಬರೆಯಿರಿ. ಬೇಕಿದ್ದರೆ ಬೇರೆ ಗುಂಪಿನಿಂದ ಕೋಡ್ ಗೊತ್ತಿರುವ ಒಬ್ಬರನ್ನು ಸೇರಿಸಿಕೊಳ್ಳಿ.

ಹಳೇ ಬ್ಯಾಚ್

ಎರಡೂ ಮಾತನ್ನು ನಾನು ಒಪ್ಪೋದಿಲ್ಲ.

ಮೊದಲು ಜನರ ವಿಷಯ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಅಮೆರಿಕದ ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಲೆಕ್ಕ ಹಾಕಿ ನೋಡಿ. ಐದು ಜನರಲ್ಲಿ ಇಬ್ಬಿಬ್ಬರ ಜೋಡಿ 10. ಆರು ಜನ ಆದರೆ 15. ಅಷ್ಟು ಜೋಡಿಗಳ ನಡುವೆ ಮಾತು ಹೊಂದಬೇಕು. ಹೊಸಬರಿಗೆ ಎಲ್ಲವನ್ನೂ ಹೇಳಿಕೊಡಬೇಕಾದವರು ಯಾರು? ಈಗ ಕೆಲಸ ಮಾಡುತ್ತಿರುವ ಆ ಮೂವರೇ ಅಲ್ವಾ?

ಇನ್ನು ‘ಕೊನೆಯ ಹತ್ತು ದಿನ’. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ‘ಎಲ್ಲವೂ ಕೆಟ್ಟರೆ ಎಷ್ಟು’ ಅಂತ ಕೇಳಿದಾಗ ಅವರು ಹೇಳಿದ ದಿನಗಳಿಗಿಂತಲೂ ಇದು ಜಾಸ್ತಿ. ನೀವು ಹತ್ತು ದಿನ ಅಂದುಕೊಂಡಿದ್ದರೆ ಹದಿನಾರು ಇಟ್ಟುಕೊಳ್ಳಿ. ಬೈಂಡಿಂಗ್, ಸಹಿ, ಪ್ರಿಂಟರ್ ಕೈಕೊಡೋದು ಎಲ್ಲ ಅದರ ಮೇಲೆ.

ಲ್ಯಾಬ್ ಕಿಟಕಿ

ಸರಿ, ಆ ಅಂಕಿ ನೋಡಿದರೆ ಹತ್ತು ದಿನ ಕಡಿಮೆಯೇ. ಆದರೂ ರೀಡಿಂಗೇ ಇಲ್ಲದೆ ಫಲಿತಾಂಶದ ಅಧ್ಯಾಯ ಹೇಗೆ ಬರೆಯುತ್ತಾರೆ?

ಗೈಡ್ ಮೇಡಂ

ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ವಿದ್ಯಾರ್ಥಿಗಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಖಾಲಿ ಟೇಬಲ್ ಮೊದಲು ಬರೆಯಿಸಿ. ಅಡ್ಡಸಾಲು, ಕಂಬಸಾಲು, ತಲೆಬರಹ, ಅಳತೆ ಎಲ್ಲ ಇರಲಿ. ಅಂಕಿ ಮಾತ್ರ ಇರಬಾರದು. ಗ್ರಾಫ್ ಕೂಡ ಹಾಗೇ. ಅಡ್ಡಕ್ಕೆ ದಿನ, ಉದ್ದಕ್ಕೆ ತೇವ, ಕೆಳಗೆ ‘ಚಿತ್ರ 4.2: ನಾಲ್ಕು ಕುಂಡಗಳಲ್ಲಿ ತೇವದ ಏರಿಳಿತ’ ಅಂತ ಅಡಿಬರಹ. ಒಳಗೆ ಒಂದು ಚುಕ್ಕೆಯೂ ಇಲ್ಲ.

ಆ ಖಾಲಿ ಗ್ರಾಫ್ ಮುಂದಿಟ್ಟುಕೊಂಡಾಗ ಪ್ರಶ್ನೆಗಳು ತಾವಾಗೇ ಏಳುತ್ತವೆ. ಕುಂಡ ನಾಲ್ಕೋ, ಎರಡೋ? ದಿನಕ್ಕೆ ಎಷ್ಟು ರೀಡಿಂಗ್? ತೇವವನ್ನು ಯಾವ ಅಳತೆಯಲ್ಲಿ ಹೇಳುತ್ತೀರಿ? ಯಂತ್ರ ಇಲ್ಲದೆ ಕೈಯಲ್ಲಿ ನೀರು ಹಾಕಿದ ಕುಂಡ ಒಂದನ್ನು ಹೋಲಿಕೆಗೆ ಇಡಬೇಕೋ ಬೇಡವೋ? ಇವನ್ನು ಆರು ವಾರ ಮೊದಲು ಕೇಳಿಕೊಂಡರೆ ಉತ್ತರಕ್ಕೆ ಸಮಯ ಇರುತ್ತದೆ. ಬೈಂಡಿಂಗ್ ಹಿಂದಿನ ರಾತ್ರಿ ‘ಅಯ್ಯೋ, ಹೋಲಿಕೆಗೆ ಏನೂ ಇಲ್ಲ’ ಅಂತ ಗೊತ್ತಾದರೆ ಏನೂ ಮಾಡಲಾಗದು. ಹೀಗೆ ಅಳುತ್ತಾ ಕೂತ ಗುಂಪನ್ನು ನಾನು ನೋಡಿದ್ದೇನೆ.

ಕೆಲಸ ಆದ ಮೇಲೆ ಅದರ ಬಗ್ಗೆ ಬರೆಯುವ ಕಾಗದ ಅಂತ ರಿಪೋರ್ಟ್ ಬಗ್ಗೆ ಅಂದುಕೊಳ್ಳಬೇಡಿ. ಮುಂದಿನ ವಾರ ಏನು ಮಾಡಬೇಕು ಅಂತ ತೋರಿಸಿಕೊಡುವುದೂ ಅದೇ.

ಲ್ಯಾಬ್ ಕಿಟಕಿ

ಒಪ್ಪಿದೆ ಮೇಡಂ. ಖಾಲಿ ಗ್ರಾಫ್ ಬರೆಯೋದು ನನಗೆ ಹೊಳೆದೇ ಇರಲಿಲ್ಲ.

ಕೆಂಪು ಪೆನ್

ರಿಪೋರ್ಟ್ ಓದುವ ಕಡೆಯಿಂದ ನಾಲ್ಕು ಮಾತು. ಒಂದೇ ದಿನ ಹತ್ತು ಹನ್ನೆರಡು ರಿಪೋರ್ಟ್ ನೋಡಬೇಕಾಗುತ್ತದೆ. ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ನಾನು ಓದೋದಿಲ್ಲ. ಮೊದಲು ಸಾರಾಂಶ. ಆಮೇಲೆ ಚಿತ್ರ, ಟೇಬಲ್. ಆಮೇಲೆ ಕೊನೆಯ ಅಧ್ಯಾಯ. ಅಲ್ಲಿ ಏನಾದರೂ ಅನುಮಾನ ಬಂದರೆ ಹಿಂದಕ್ಕೆ ಹೋಗಿ ವಿಧಾನ ನೋಡುತ್ತೇನೆ. ಅದಕ್ಕೇ ಸಾರಾಂಶವನ್ನು ಕೊನೆಗೆ ಬರೆಯಿರಿ, ಆದರೆ ಅದಕ್ಕೇ ಅತಿ ಹೆಚ್ಚು ಸಮಯ ಕೊಡಿ. ಸಮಸ್ಯೆ ಏನು, ನೀವು ಮಾಡಿದ್ದೇನು, ಸಿಕ್ಕಿದ್ದೇನು. ಸಿಕ್ಕಿದ್ದರಲ್ಲಿ ಕನಿಷ್ಠ ಒಂದು ಅಂಕಿ ಇರಲೇಬೇಕು.

ಭಾಷೆಗೆ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ವಿಷಯವನ್ನೇ ಇಟ್ಟುಕೊಂಡಿದ್ದೇನೆ, ಅಂಕಿಗಳು ಉದಾಹರಣೆಗೆ ಮಾತ್ರ. ನನಗೆ ಸಿಗುವ ರಿಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ:

‘ಪ್ರಸ್ತುತ ಯೋಜನೆಯಲ್ಲಿ ಅಭಿವೃದ್ಧಿಪಡಿಸಲಾದ ವ್ಯವಸ್ಥೆಯನ್ನು ವಿವಿಧ ಸಂದರ್ಭಗಳಲ್ಲಿ ಪರೀಕ್ಷೆಗೆ ಒಳಪಡಿಸಲಾಗಿದ್ದು, ಅತ್ಯುತ್ತಮ ಫಲಿತಾಂಶಗಳು ಕಂಡುಬಂದಿರುತ್ತವೆ.’

ಓದಿದ ಮೇಲೆ ನನಗೆ ಏನು ಗೊತ್ತಾಯಿತು? ಏನೂ ಇಲ್ಲ. ಎಷ್ಟು ಕುಂಡ, ಎಷ್ಟು ದಿನ, ಅತ್ಯುತ್ತಮ ಅಂದರೆ ಯಾವುದಕ್ಕಿಂತ? ಅದನ್ನೇ ಹೀಗೆ ಬರೆಯಬಹುದಿತ್ತು:

‘ನಾಲ್ಕು ಕುಂಡಗಳಲ್ಲಿ 10 ದಿನ ಪರೀಕ್ಷಿಸಿದೆವು. ಪಂಪ್ 23 ಸಲ ಚಾಲೂ ಆಗಬೇಕಿತ್ತು, 21 ಸಲ ಆಯಿತು. ಆಗದ ಎರಡೂ ಸಲ ಸೆನ್ಸರ್ ನೀರು ಬೀಳುವ ಜಾಗದ ಪಕ್ಕದಲ್ಲೇ ಇತ್ತು. ಅಲ್ಲಿ ಮಣ್ಣು ಒದ್ದೆಯಾಗಿತ್ತು, ಕುಂಡದ ಉಳಿದ ಭಾಗ ಒಣಗಿತ್ತು.’

ಎರಡನೆಯದರಲ್ಲಿ ಸೋಲೂ ಇದೆ. ಆದರೂ ನಾನು ಜಾಸ್ತಿ ಅಂಕ ಕೊಡೋದು ಅದಕ್ಕೇ. ಯಾಕೆ ಕೆಟ್ಟಿತು ಅಂತ ಹುಡುಕಿದವರು ನಿಜವಾಗಿ ಕೆಲಸ ಮಾಡಿದ್ದಾರೆ ಅನ್ನೋದು ಆ ಸಾಲಿನಲ್ಲೇ ಕಾಣುತ್ತದೆ. ಸೋತದ್ದನ್ನು ಮುಚ್ಚಿಟ್ಟು ಎಲ್ಲವೂ 100ಕ್ಕೆ 100 ಅಂತ ಬರೆದವರನ್ನು ವೈವಾದಲ್ಲಿ ಜಾಸ್ತಿ ಕೆದಕಬೇಕಾಗುತ್ತದೆ.

ಇನ್ನೊಂದು. ಕೋಡ್ ಓಡಿಸುವ ಬೋರ್ಡ್ ಅಂದರೇನು, ಸೆನ್ಸರ್ ಅಂದರೇನು ಅಂತ ಇಂಟರ್ನೆಟ್‌ನಿಂದ ಎತ್ತಿ ಹದಿನೈದು ಪುಟ ತುಂಬಿಸಬೇಡಿ. ನೀವು ಆ ಸೆನ್ಸರನ್ನೇ ಯಾಕೆ ಆರಿಸಿದಿರಿ ಅನ್ನುವ ಅರ್ಧ ಪುಟ ಸಾಕು.

ಸಮೀಕ್ಷೆ ಹುಡುಗಿ

ನಮ್ಮದು ಸಮಾಜಶಾಸ್ತ್ರ. ಯಂತ್ರ ಇಲ್ಲ, ಮನೆಮನೆಗೆ ಹೋಗಿ ಪ್ರಶ್ನೆ ಕೇಳೋದು. ಖಾಲಿ ಟೇಬಲ್ ನಮಗೂ ಆಗುತ್ತದಾ ಮೇಡಂ?

ಗೈಡ್ ಮೇಡಂ

ನಿಮಗೆ ಇನ್ನೂ ಜಾಸ್ತಿ ಬೇಕು. ಯಂತ್ರವನ್ನಾದರೆ ಮತ್ತೆ ಓಡಿಸಬಹುದು. ಪ್ರಶ್ನಾವಳಿಯಲ್ಲಿ ವಯಸ್ಸು ಕೇಳಲು ಮರೆತರೆ ಅಷ್ಟೂ ಮನೆಗೆ ಮತ್ತೆ ಹೋಗಲು ಆಗುತ್ತದಾ? ಟೇಬಲ್ ಮೊದಲು, ಪ್ರಶ್ನೆ ಆಮೇಲೆ. ಯಾವ ಟೇಬಲ್‌ಗೂ ಹೋಗದ ಪ್ರಶ್ನೆ ಇದ್ದರೆ ತೆಗೆದುಹಾಕಿ.

ಹಳೇ ಬ್ಯಾಚ್

ಗುಂಪು ನಡೆಸೋದಕ್ಕೆ ನಮಗೆ ಕೆಲಸಕ್ಕೆ ಬಂದದ್ದು ಒಂದು ಸಾದಾ ನೋಟ್‌ಬುಕ್. ವಾರಕ್ಕೆ ಒಂದು ಭೇಟಿ, ಹಗಲಲ್ಲಿ, ಅರ್ಧ ಗಂಟೆ. ನಿಂತುಕೊಂಡೇ ಮಾತಾಡುತ್ತಿದ್ದೆವು. ಪ್ರತಿ ಭೇಟಿಗೆ ಒಂದೇ ಪುಟ. ತಾರೀಕು, ಬಂದವರು, ತೀರ್ಮಾನ ಆಗಿದ್ದು, ಯಾರು ಏನು ಯಾವತ್ತಿಗೆ. ಅಷ್ಟೇ. ಬರೆಯುವ ಸರದಿ ಪ್ರತಿ ವಾರ ಬದಲಾಗುತ್ತಿತ್ತು. ಬರೆಯುವವನು ಸುಮ್ನೆ ಕೂರಲು ಆಗೋದಿಲ್ಲ ನೋಡಿ. ಅರ್ಥವಾಗದಿದ್ದರೆ ಕೇಳಲೇಬೇಕು, ಕೇಳಿದರೆ ಯಾರೂ ತಪ್ಪು ತಿಳಿಯೋದಿಲ್ಲ.

ಆ ನೋಟ್‌ಬುಕ್‌ನಲ್ಲಿ ‘ಯಾಕೆ’ ಅನ್ನೋದನ್ನೂ ಬರೆಯಿರಿ. ‘ಸಣ್ಣ ಪಂಪ್ ಬಿಟ್ಟೆವು, ಪೈಪಿನ ಕೊನೆಗೆ ನೀರು ಮುಟ್ಟಲಿಲ್ಲ’ ಅಂತ ಅವತ್ತೇ ಬರೆದ ಒಂದು ಸಾಲು ಮೂರು ತಿಂಗಳ ಮೇಲೆ ರಿಪೋರ್ಟ್‌ನಲ್ಲಿ ಒಂದು ಪ್ಯಾರಾ ಆಗುತ್ತದೆ. ನೆನಪಿನಿಂದ ಬರೆಯಲು ಹೋದರೆ ಅದು ಸಿಗೋದಿಲ್ಲ.

ಫೈಲ್‌ಗಳ ಹೆಸರು ತಾರೀಕಿನಿಂದ ಶುರುವಾಗಲಿ. ‘ಫೈನಲ್’ ಅನ್ನೋ ಪದ ಯಾವ ಫೈಲ್‌ಗೂ ಬೇಡ. ಐದು ಜನ ಐದು ಪ್ರತಿ ಇಟ್ಟುಕೊಂಡು ಕೊನೆಗೆ ಸೇರಿಸಲು ಹೋದರೆ ಎರಡು ದಿನ ಹಾಳು. ಮೊದಲಿಂದಲೂ ಎಲ್ಲರಿಗೂ ತೆರೆದಿರುವ ಒಂದೇ ಡಾಕ್ಯುಮೆಂಟ್ ಇರಲಿ.

ಎಂಟನೇ ಸೆಮ್

ಒಂದು ಅನುಮಾನ. ಅಧ್ಯಾಯಗಳನ್ನು ಎಐ ಹತ್ತಿರ ಬರೆಸಿದರೆ ತಪ್ಪಾ? ಭಾಷೆ ಚೆನ್ನಾಗಿರುತ್ತದೆ.

ಕೆಂಪು ಪೆನ್

ನಿಮ್ಮ ಕಾಲೇಜಿನ ನಿಯಮ ಏನಿದೆ ಅಂತ ಮೊದಲು ಗೈಡ್ ಹತ್ತಿರ ಕೇಳಿ. ವ್ಯಾಕರಣ ತಿದ್ದಿಸಿಕೊಳ್ಳಲು ಬಿಟ್ಟರೂ ಬಿಡಬಹುದು, ಬಳಸಿದ್ದರೆ ರಿಪೋರ್ಟ್‌ನಲ್ಲಿ ಹೇಳಿಕೊಳ್ಳಿ. ಆದರೆ ನಿಮ್ಮ ಪಂಪ್ ಯಾಕೆ ನಿಂತಿತು ಅಂತ ಅದಕ್ಕೆ ಗೊತ್ತಿರೋದಿಲ್ಲ. ಗೊತ್ತಿಲ್ಲದಿದ್ದರೂ ಬರೆದುಬಿಡುತ್ತದೆ. ಇಲ್ಲದ ಲೇಖನಗಳನ್ನು ಆಧಾರ ಅಂತ ಕೊಟ್ಟ ರಿಪೋರ್ಟ್ ನನ್ನ ಕೈಗೇ ಬಂದಿದೆ. ಒಂದು ಲೇಖನ ತೆಗೆದು ತೋರಿಸಿ ಅಂದಾಗ ಆ ಮಕ್ಕಳ ಮುಖ ನೋಡಲು ನನಗೇ ಸಂಕಟವಾಯಿತು.

ಲ್ಯಾಬ್ ಕಿಟಕಿ

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರು ಕೈ ಹಾಕಲೇ ಇಲ್ಲ ಅಂದರೆ? ಗೈಡ್‌ಗೆ ಹೇಳೋದು ದೂರು ಕೊಟ್ಟ ಹಾಗೆ ಆಗೋದಿಲ್ವಾ?

ಹಳೇ ಬ್ಯಾಚ್

ನಾವು ಹೇಳಲಿಲ್ಲ. ಒಬ್ಬರ ಕೆಲಸವನ್ನು ನಾಲ್ವರು ಹಂಚಿಕೊಂಡು ಮಾಡಿದೆವು. ಸ್ನೇಹ ಉಳಿಯಲಿ ಅಂತ ಹಾಗೆ ಮಾಡಿದ್ದು. ಆದರೆ ವೈವಾದಲ್ಲಿ ಅವನಿಗೆ ಒಂದು ಪ್ರಶ್ನೆಗೂ ಉತ್ತರ ಗೊತ್ತಾಗದೆ ತಲೆ ತಗ್ಗಿಸಿ ನಿಂತ. ಸ್ನೇಹ ಅವತ್ತಿಂದಲೇ ಹೋಯಿತು. ಮೊದಲೇ ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಗೈಡ್ ಮೇಡಂ

ಮೂರನೇ ವಾರ ಬಂದು ಹೇಳಿದರೆ ಅದು ಸಹಾಯ ಕೇಳಿದ ಹಾಗೆ. ನಾನು ಅವರನ್ನು ಕರೆದು ಮಾತಾಡಬಹುದು, ಕೆಲಸ ಬದಲಿಸಬಹುದು. ಎಷ್ಟೋ ಸಲ ಮನೆಯಲ್ಲಿ ಕಾಯಿಲೆ, ದುಡ್ಡಿನ ತೊಂದರೆ ಇರುತ್ತದೆ, ಸ್ನೇಹಿತರಿಗೂ ಹೇಳಿರೋದಿಲ್ಲ. ಸಬ್ಮಿಷನ್ ಹಿಂದಿನ ದಿನ ಬಂದರೆ ಮಾತ್ರ ಅದು ದೂರು. ಆಗ ನನ್ನ ಕೈಯಲ್ಲೂ ಏನೂ ಇರೋದಿಲ್ಲ.

ರಿಪೋರ್ಟ್‌ನಲ್ಲಿ ಯಾರು ಏನು ಮಾಡಿದರು ಅನ್ನುವ ಅರ್ಧ ಪುಟ ಸೇರಿಸಿ. ಸಂಶೋಧನಾ ಪತ್ರಿಕೆಗಳಲ್ಲಿ ಈಗ ಇದು ರೂಢಿ. ಅದಕ್ಕಾಗಿ 14 ಬಗೆಯ ಪಾತ್ರಗಳ ಒಂದು ಪಟ್ಟಿಯೂ ಇದೆ. ಡೇಟಾ ಜೋಡಿಸಿದವರು, ಮೊದಲ ಡ್ರಾಫ್ಟ್ ಬರೆದವರು, ತಿದ್ದಿದವರು ಎಲ್ಲರಿಗೂ ಅದರಲ್ಲಿ ಬೇರೆಬೇರೆ ಜಾಗ ಇದೆ. ಆ ಪುಟವನ್ನು ಐವರೂ ಒಟ್ಟಿಗೆ ಕೂತು ಬರೆಯಿರಿ.

ಕೊನೆಯ ವರ್ಷ

ಮೂರು ವಾರ ಆಯಿತು. ಏನಾಯಿತು ಅಂತ ಹೇಳಲೇಬೇಕು.

ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡಿದೆ. ಒಬ್ಬಳಿಗೆ ಬೆಳಿಗ್ಗೆ ಕೆಲಸ ಇದೆಯಂತೆ, ರಾತ್ರಿ ಹತ್ತಕ್ಕೆ ಮಲಗುತ್ತಾಳಂತೆ. ಮೂರು ವರ್ಷದ ಸ್ನೇಹದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ. ಇನ್ನೊಬ್ಬನಿಗೆ ಸೆನ್ಸರ್ ವಿಷಯವೇ ಅರ್ಥವಾಗಿರಲಿಲ್ಲ. ಭೇಟಿಯನ್ನು ಮಧ್ಯಾಹ್ನಕ್ಕೆ ಬದಲಿಸಿದೆವು. ಅವಳಿಗೆ ಖಾಲಿ ಟೇಬಲ್‌ಗಳು, ಅವನಿಗೆ ವಿಧಾನದ ಅಧ್ಯಾಯ ಕೊಟ್ಟೆವು.

ಆಮೇಲೆ ನಡೆದದ್ದು ಇದು. ನಮ್ಮ ಪಂಪ್ ಹದಿನೈದು ದಿನದಿಂದ ಚಾಲೂ ಆಗುತ್ತಿರಲಿಲ್ಲ. ತಂತಿ ಬದಲಿಸಿದೆವು, ಪಂಪ್ ಆನ್ ಮಾಡುವ ಸ್ವಿಚ್, ಅಂದರೆ ರಿಲೇ, ಬದಲಿಸಿದೆವು, ಹೊಸ ಪಂಪ್ ತಂದೆವು. ಅಷ್ಟರಲ್ಲಿ ಅವಳು ಟೇಬಲ್‌ನ ತಲೆಬರಹ ಬರೆಯುತ್ತಾ ‘ತೇವದ ಅಳತೆ ಏನು ಅಂತ ಬರೆಯಲಿ?’ ಅಂದಳು. ಸೆನ್ಸರ್ ನೋಡುವವನು ‘ಸೆನ್ಸರ್ ಕೊಡುವ ನೇರ ಅಂಕಿ, 0ಯಿಂದ 1023’ ಅಂದ. ಕೋಡ್ ಬರೆಯುವವಳು ಅದೇ ಹೊತ್ತಿಗೆ ‘ಶೇಕಡಾ’ ಅಂದಳು. ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಕೋಡ್‌ನಲ್ಲಿ ತೇವ 40ಕ್ಕಿಂತ ಕಡಿಮೆಯಾದರೆ ಪಂಪ್ ಆನ್ ಅಂತ ಇತ್ತು. ಸೆನ್ಸರ್ ಕಳಿಸುತ್ತಿದ್ದದ್ದು ನೀರಲ್ಲಿ ಅದ್ದಿದರೆ 290ರ ಆಸುಪಾಸು, ಒಣಗಿದ್ದರೆ 590ರ ಆಸುಪಾಸು. 40ಕ್ಕೆ ಇಳಿಯೋದು ಯಾವತ್ತು? ಮೇಲಾಗಿ ನಮ್ಮ ಸೆನ್ಸರ್‌ನಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ, ಇಳಿಯೋದಿಲ್ಲ. ಕೋಡ್‌ನಲ್ಲಿ ಎರಡು ಸಾಲು ಬದಲಿಸಿದೆವು. ಅವತ್ತು ಸಂಜೆಯೇ ಪಂಪ್ ಓಡಿತು. ಹಳೇ ಪಂಪೂ ಓಡಿತು.

ಕೆಲಸ ಮಾಡುವುದಿಲ್ಲ ಅಂತ ನಾನು ಇಲ್ಲಿ ಬರೆದಿದ್ದೆನಲ್ಲ, ತಪ್ಪು ಸಿಕ್ಕಿದ್ದು ಅವಳ ಪ್ರಶ್ನೆಯಿಂದ. ಅವಳಿಗೆ ಅದನ್ನು ಹೇಳಿ ಕ್ಷಮೆ ಕೇಳಿದೆ.

ಹಳೇ ಬ್ಯಾಚ್

ಓದಿ ತುಂಬಾ ಖುಷಿಯಾಯಿತು. ಇದೇ ಬಗೆಯ ತಪ್ಪಿನಿಂದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ನೌಕೆಯನ್ನು ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಅದನ್ನು ತೆಗೆದುಕೊಂಡವರು ನ್ಯೂಟನ್ ಅಂದುಕೊಂಡರು. ಎರಡು ತಂಡ, ನಡುವೆ ಒಂದು ಅಂಕಿ, ಪಕ್ಕದಲ್ಲಿ ಇರಬೇಕಾದ ಅಳತೆ ತಪ್ಪಿತ್ತು. ನಿಮ್ಮ ಕಥೆಯನ್ನು ರಿಪೋರ್ಟ್‌ನಿಂದ ಬಿಡಬೇಡಿ.

ಕೆಂಪು ಪೆನ್

ಖಂಡಿತ ಬಿಡಬೇಡಿ. ಹದಿನೈದು ದಿನ ಪಂಪ್ ಯಾಕೆ ಓಡಲಿಲ್ಲ, ಹೇಗೆ ಗೊತ್ತಾಯಿತು, ಮೊದಲು ಯಾವ ಸಾಲು ಇತ್ತು, ಆಮೇಲೆ ಏನಾಯಿತು. ಒಂದು ಪುಟ ಕೊಡಿ. ನಾನಾಗಿದ್ದರೆ ವೈವಾದಲ್ಲಿ ಆ ಪುಟದಿಂದಲೇ ಶುರು ಮಾಡುತ್ತಿದ್ದೆ.

ಮೂಲೆ ಬೆಂಚು

ವಿಧಾನದ ಅಧ್ಯಾಯ ತೆಗೆದುಕೊಂಡವನು ಹೇಗಿದ್ದಾನೆ?

ಕೊನೆಯ ವರ್ಷ

ಬರೆಯುತ್ತಿದ್ದಾನೆ ಅಣ್ಣ. ನೀವು ಹೇಳಿದ ಹಾಗೆ ಸೆನ್ಸರ್‌ನ ಪುಟಕ್ಕೆ ಗೆರೆ ಎಳೆಯಲು ಕೊಟ್ಟೆವು. ಮೊದಲ ದಿನ ಇಪ್ಪತ್ತೆಂಟು ಗೆರೆ. ನಿನ್ನೆ ಮೂರು. ಆ ಮೂರರಲ್ಲಿ ಎರಡು ನಿಜವಾಗಿಯೂ ನಾವು ತಪ್ಪು ಬರೆದ ಸಾಲುಗಳು.

ಎಂಟು ಕುಂಡ ಇಟ್ಟಿದ್ದೇವೆ. ನಾಲ್ಕಕ್ಕೆ ಯಂತ್ರ, ನಾಲ್ಕಕ್ಕೆ ಕೈಯಲ್ಲೇ ನೀರು. ಇವತ್ತು ಆರನೇ ದಿನ. ರೀಡಿಂಗ್ ಬರೆಯುವ ಸರದಿ ನನ್ನದು, ಐದು ಗಂಟೆಗೆ ಹೋಗಬೇಕು. ಚಿತ್ರ 4.2ರಲ್ಲಿ ಈಗ ಚುಕ್ಕೆಗಳು ಬಂದಿವೆ.